ಗೋಡೆ ಕಡೆಯ ಎರಡು ಟೊಂಗೆ

ಬಾಲಮ್ಮ ಹುಣಸೆಬೀಜದ ಸಿಪ್ಪೆ ಬಿಡಿಸುತ್ತಿದ್ದಳು. ಹಿಂದಿನ ದಿನ ಹಂಚಿನ ಮೇಲೆ ಹುರಿದು ನೀರಿಗೆ ಹಾಕಿದ್ದ ಬೀಜ. ಹೆಬ್ಬೆರಳಿಂದ ಒತ್ತಿದರೆ ಕೆಂಪು ಸಿಪ್ಪೆ ಸರಿದು ಒಳಗಿನ ಬಿಳುಪು ಪುಟಕ್ಕನೆ ಬುಟ್ಟಿಗೆ ಜಾರುತ್ತಿತ್ತು. ಎದುರಿಗೆ ಅತ್ತೆ ಶೇಖಮ್ಮ ಕೂತಿದ್ದಳು. ಆಕೆಯ ಬೆರಳುಗಳೂ ಅದೇ ಕೆಲಸದಲ್ಲಿದ್ದವು. ಬೀಜ ಬೀಳುವ ಸದ್ದು, ಓಣಿಯಲ್ಲಿ ಯಾರದೋ ಕುರಿಮರಿಯ ಕೂಗು, ಅಷ್ಟೆ.

ಈ ಬೀಜವನ್ನು ರುಬ್ಬಿ ಗಡಿಗೆಯಲ್ಲಿ ಕುದಿಸಿದರೆ ಅಂಟು ಗಂಜಿಯಾಗುತ್ತದೆ. ಮಾವ ಭಗವಂತರಾಯ ಕಂಬಳಿ ನೇಯುತ್ತಿದ್ದ. ಉಣ್ಣೆಯ ನೂಲು ಮಗ್ಗಕ್ಕೇರುವ ಮೊದಲು ಅದನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಕುಂಚದಿಂದ ಗಂಜಿ ಸವರಿ ಬಿಸಿಲಿಗೆ ಒಣಗಿಸಬೇಕು. ಇಲ್ಲದಿದ್ದರೆ ಎಳೆಗೆ ಎಳೆ ಉಜ್ಜಿ ಹರಿಯುತ್ತದೆ. ಎಂಟು ದಿನಕ್ಕೊಮ್ಮೆ ಆ ಕೆಲಸ. ಹಾಗಾಗಿ ಎಂಟು ದಿನಕ್ಕೊಮ್ಮೆ ಅತ್ತೆ ಸೊಸೆಯರಿಗೆ ಈ ಬೀಜದ ಕೆಲಸ.

ಸಿಪ್ಪೆ ಬಿಡಿಸುತ್ತಲೇ ಬಾಲಮ್ಮ ಹಿತ್ತಲ ಬಾಗಿಲಾಚೆ ಓರೆಗಣ್ಣು ಹಾಯಿಸಿದಳು. ಮೋಟುಗೋಡೆಗೆ ಒತ್ತಿಕೊಂಡು ನಿಂತ ಗುಲಾಬಿ ಕಂಟಿ ಅಲ್ಲಿಂದ ಕಾಣುತ್ತಿತ್ತು. ಒಂದೇ ಬುಡದಿಂದ ಎದ್ದ ಏಳು ಟೊಂಗೆ. ನಾಲ್ಕು ಒಣಗಿ ಕಪ್ಪಾಗಿದ್ದವು. ಐದನೆಯದರ ಎಲೆ ಹಳದಿಗೆ ತಿರುಗಿದ್ದನ್ನು ಆಕೆ ಮುಂಜಾನೆ ನೋಡಿದ್ದಳು, ಯಾರಿಗೂ ಹೇಳಿರಲಿಲ್ಲ.

ಶೇಖಮ್ಮನೂ ನೋಡಿದ್ದಳು.

“ಐದನೇದೂ ಹೊಂಟದ,” ಅಂದಳು ಕೊನೆಗೆ, ತಲೆ ಎತ್ತದೆ. “ಇವತ್ತಿಂದ ಆ ಕಂಟಿಗಿ ನೀ ನೀರ ಹಾಕಬ್ಯಾಡ. ಮುಟ್ಟಲೂ ಬ್ಯಾಡ.”

ಬಾಲಮ್ಮ ಮುಂದಿನ ಬೀಜ ಒತ್ತಿದಳು.

ಕಂಟಿ ಅವರದಲ್ಲ. ಗೋಡೆಯಾಚೆಯ ಮನೆಯ ಹಜರಾಬಿಯದು. ಗಂಡ ಲಾಡ್ಲೇಸಾಬ ತೀರಿಕೊಂಡ ವರ್ಷ ಆಕೆ ಅದನ್ನು ಶಹಾಪುರದಿಂದ ತಂದಿದ್ದಳಂತೆ, ಗುರುವಾರಕ್ಕೊಂದು ಹೂ ಗೋರಿಯ ಮೇಲೆ ಇಡಲಿಕ್ಕೆ. ಬಿಸಿಲು ಚೆನ್ನಾಗಿ ಬೀಳುತ್ತದೆಂದು ಗೋಡೆಯ ಈಚೆ, ಭಗವಂತರಾಯನ ಹಿತ್ತಲಲ್ಲಿ ನೆಟ್ಟಿದ್ದಳು. ಎರಡೂ ಮನೆಯವರು ಅಂಥದ್ದಕ್ಕೆಲ್ಲ ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ. ಆಕೆಯ ಮಗ ಖಾಜಾಹುಸೇನ ಜಹಗೀರಿನ ಕಚೇರಿಯಲ್ಲಿ ಬರೆಯುವ ಕೆಲಸದಲ್ಲಿದ್ದ. ನಿಜಾಮರ ರಾಜ್ಯ ಹೋಯಿತು, ಮರುವರ್ಷ ಜಹಗೀರೂ ಹೋಯಿತು, ಕಚೇರಿಗೆ ಬೀಗ ಬಿತ್ತು. ಮಗ ಹೈದರಾಬಾದಿನ ಒಂದು ಛಾಪಖಾನೆಯಲ್ಲಿ ಕೆಲಸ ಹಿಡಿದು ತಾಯಿಯನ್ನು ಕರೆದೊಯ್ದ. ಗಾಡಿ ಹತ್ತುವ ಮುಂಚೆ ಹಜರಾಬಿ ಗೋಡೆಯ ಮೇಲಿಂದ, “ಭಾಯಿ, ಇದೊಂದು ನಿನ್ನ ಕೈಯಾಗ ಬಿಟ್ಟು ಹೊಂಟೀನಿ,” ಅಂದಳಂತೆ. “ನನ್ನ ಮಗ್ಗ ಇರೂತನಕ ಇದೂ ಇರ್ತದ ಅಕ್ಕಾ,” ಅಂದನಂತೆ ಭಗವಂತರಾಯ. ಅವತ್ತಿಂದ ಗುರುವಾರದ ಹೂವನ್ನು ಗೋರಿಗೆ ಇಟ್ಟು ಬರುತ್ತಿದ್ದವನು ಆತನೇ. ಈಗ ಎರಡು ತಿಂಗಳಿಂದ ಹೂವಿಲ್ಲ. ಬರಿಗೈಲಿ ಹೋಗಿ, ಗೋರಿಯ ಸುತ್ತ ಬೆಳೆದ ಕಸ ಕಿತ್ತು ಬರುತ್ತಿದ್ದ.

ಇದನ್ನೆಲ್ಲ ಬಾಲಮ್ಮ ಕೇಳಿ ತಿಳಿದದ್ದು. ಆಕೆ ಸೊಸೆಯಾಗಿ ಬಂದದ್ದು ಹಜರಾಬಿ ಹೋದ ಮರುವರ್ಷ, ವಡಗೇರಾ ಕಡೆಯ ಹಳ್ಳಿಯಿಂದ. ಎರಡನೆಯ ಜಮಾತಿಗೇ ಶಾಲೆ ಬಿಟ್ಟವಳು. ಮನೆಯಲ್ಲಿ ಎಳೆಮರಿ ನೋಡಿಕೊಳ್ಳಲು ಒಂದು ಜೀವ ಬೇಕಿತ್ತು. ಮರಿಗಳೊಂದಿಗೆ ಬೆಳೆದವರಿಗೆ ಮಾತು ಕಡಿಮೆ, ಕಣ್ಣು ಹೆಚ್ಚು. ಹೊಟ್ಟೆ ಕೆಟ್ಟ ಮರಿ ತನಗೇನಾಗಿದೆ ಎಂದು ಹೇಳುವುದಿಲ್ಲ. ಅದು ಎಲ್ಲಿ ಮಲಗಿತು, ಯಾವ ಮಗ್ಗುಲಿಗೆ ಮಲಗಿತು, ತಾಯಿಯ ಹತ್ತಿರ ಹೋಗಿ ಹಾಲು ಕುಡಿಯದೆ ಯಾಕೆ ನಿಂತಿತು ಎಂದು ನೋಡುತ್ತಲೇ ಇರಬೇಕು. ಗಂಡ ಬೀರಣ್ಣನಿಗೆ ಹೆಂಡತಿಯ ಈ ಮೌನ ಒಗ್ಗಿತ್ತು. ಆದರೆ ಆತ ಈಗ ಊರಲ್ಲಿರಲಿಲ್ಲ. ಸಂಕ್ರಾಂತಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ತಿಂಥಣಿ ಕಡೆ ಹೊಳೆದಂಡೆಗೆ ಹೋಗಿದ್ದ. ಬರುವುದು ಹೋಳಿ ಹುಣ್ಣಿಮೆಗೆ.

ಅದೇ ದಿನ ಮಧ್ಯಾಹ್ನ ಶಾಲೆಯ ಮಾಸ್ತರ ಚಂದ್ರಾಮಪ್ಪ ಒಂದು ಕಾರ್ಡು ಹಿಡಿದು ಬಂದ. ಊರಿನ ಟಪಾಲೆಲ್ಲ ಶಾಲೆಗೆ ಬರುತ್ತಿತ್ತು. ಉರ್ದುವಿನಲ್ಲಿ ಕಲಿತು ಈಗ ಕನ್ನಡದಲ್ಲಿ ಕಲಿಸುವ ಮನುಷ್ಯ. ಎರಡೂ ಓದಬಲ್ಲವನು ಊರಲ್ಲಿ ಆತನೊಬ್ಬನೇ.

“ಬರ್ರಿ ಮಾಸ್ತರ, ಕಟ್ಟಿಮ್ಯಾಲ ಕುಂದರ್ರಿ,” ಅಂದ ಭಗವಂತರಾಯ. “ಯಾರದು?”

“ನಿಮ್ಮ ಹಜರಾಬಿದು. ಮಗ ಬರದಾನ, ಅಕ್ಷರ ಮುತ್ತಿನಂಗ ಅವ.” ಚಂದ್ರಾಮಪ್ಪ ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳಿದ. “ಸಲಾಂ ಹೇಳ್ಯಾಳ ಎಲ್ಲಾರಿಗೂ. ಈ ತಿಂಗಳ ಕಡೀ ಗುರುವಾರ ಗಂಡ ತೀರಿಕೊಂಡ ದಿನದ ಬರಸಿ, ಅದಕ್ಕ ಬರ್ತಾಳಂತ. ಮೊಣಕಾಲು ಕೈ ಕೊಟ್ಟಾವ, ಇನ್ನೊಮ್ಮೆ ಇಷ್ಟು ದೂರ ರೈಲು ಹತ್ತಿ ಬರೂದು ಆಗಂಗಿಲ್ಲ ಅಂತಾಳ. ಅದಕ್ಕ ಗುಲಾಬಿದೊಂದು ಟೊಂಗಿ ಒಯ್ದು ಅಲ್ಲಿ ಅಂಗಳದಾಗ ಹಚ್ಚಬೇಕಂತ. ‘ಕಂಟಿ ಛಲೋ ಇರ್ಬೇಕು, ಭಾಯಿಯ ಕೈಯಾಗ ಅದ’ ಅಂತ ಬರಸ್ಯಾಳ.”

ಬಾಲಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು.

“ಛಲೋ ಅದ, ಬರ್ರಿ ನೋಡಬರ್ರಿ,” ಅಂದಳು ಶೇಖಮ್ಮ, ಕಹಿಯಾಗಿ.

ಎಲ್ಲರೂ ಹಿತ್ತಲಿಗೆ ಹೋದರು. ಮಾತು ಕೇಳಿ ಪಕ್ಕದ ಮನೆಯ ಮಲಕಮ್ಮನೂ ಬಂದಳು, ಕೈಗಂಟಿದ ರೊಟ್ಟಿ ಹಿಟ್ಟು ಉಜ್ಜಿಕೊಳ್ಳುತ್ತ.

“ನೀರಿಂದು ಇದು,” ಅಂದಳು ಮಲಕಮ್ಮ, ಕೇಳುವ ಮೊದಲೇ. “ಈ ಬಾವಿ ನೀರು ಸವುಳ. ನಮ್ಮ ಮನ್ಯಾಗ ಬ್ಯಾಳಿ ಬೇಯಂಗಿಲ್ಲ, ಇನ್ನ ಗುಲಾಬಿ ಏನ ಬದುಕ್ತದ?”

“ನೀರಲ್ಲ, ಹುಳ,” ಅಂದ ಮಾಸ್ತರ. “ಟೊಂಗಿ ಕೊರದು ಒಳಗ ಕುಂತಿರ್ತದ. ಹೊರಗ ಕಾಣಂಗಿಲ್ಲ. ಪುಸ್ತಕದಾಗ ಅದ.”

“ಮಾಸ್ತರಗ ಎಲ್ಲಾ ಕಡೆ ಹುಳಾನೇ ಕಾಣ್ತಾವ. ಮೊನ್ನಿ ನನ್ನ ಮೊಮ್ಮಗನ ತಲ್ಯಾಗ ಹುಳ ಅದ ಅಂದ್ರಿ.”

“ಅದೂ ಖರೇನೆ ಅದ ಮಲಕಮ್ಮ. ಹದಿನಾರರ ಮಗ್ಗಿ ಬರಲಾರದ ಹುಳ.”

ಭಗವಂತರಾಯನ ಮೀಸೆಯ ಕೆಳಗೆ ಒಂದಿಷ್ಟು ನಗೆ ಬಂದು ಹೋಯಿತು. ಶೇಖಮ್ಮ ನಗಲಿಲ್ಲ.

“ನೀರೂ ಅಲ್ಲ, ಹುಳಾನೂ ಅಲ್ಲ. ಲೆಕ್ಕ ಹಾಕ್ರಿ ಬೇಕಾದರ. ಹಜರಾಬಿ ಹೋಗಿ ಒಂದು ವರ್ಷ ಹೂವ ಸುರದವು. ಈಕಿ ಮನಿ ತುಂಬಿದ್ಲು. ಮೂರು ತಿಂಗಳಿಗೆ ಮೊದಲನೇ ಟೊಂಗಿ ಹೋತು. ಆರು ತಿಂಗಳಿಗೆ ಎರಡನೇದು. ದಿನಾ ನೀರ ಹಾಕಾಕಿ ಯಾರು? ಈಕಿನೇ. ಕೆಲವರ ಕೈ ಹಂಗಿರ್ತಾವ. ಹಚ್ಚಿದ್ದು ಹತ್ತಂಗಿಲ್ಲ.”

“ಹಂಗಾದರ ಬಿತ್ತಿಗಿ ದಿನ ಈಕಿ ಉಡ್ಯಾಗ ಬೀಜ ಹಾಕಬ್ಯಾಡ ನೋಡವ್ವ,” ಅಂದಳು ಮಲಕಮ್ಮ, ಸಲಹೆ ಕೊಡುವ ದನಿಯಲ್ಲಿ. “ಎಳೀ ಮರಿನೂ ಮುಟ್ಟಿಸಬ್ಯಾಡ.”

ಹಿತ್ತಲ ಬಾಗಿಲ ಮರೆಯಲ್ಲಿ ಬಾಲಮ್ಮ ತನ್ನ ಎರಡೂ ಕೈ ನೋಡಿಕೊಂಡಳು. ಹುಣಸೆಬೀಜದ ಕೆಂಪು ಉಗುರಲ್ಲಿ ಕೂತಿತ್ತು. ತವರಲ್ಲಿ ಒಬ್ಬ ಚಿಕ್ಕಮ್ಮನಿಗೆ ಇಂಥದ್ದೇ ಹೆಸರು ಬಂದಿತ್ತು. ಒಂದು ಸಲ ಬಂದದ್ದು ಮತ್ತೆ ಹೋಗಲಿಲ್ಲ. ಬಿತ್ತಿಗೆಗೆ ಕರೆಯುತ್ತಿರಲಿಲ್ಲ, ತೊಟ್ಟಿಲಿಗೆ ಕರೆಯುತ್ತಿರಲಿಲ್ಲ, ಕೊನೆಗೆ ಅವಳು ಕರೆಯುವುದನ್ನು ಕಾಯುವುದನ್ನೇ ಬಿಟ್ಟಳು. ಹಜರಾಬಿ ಬರುವಷ್ಟರಲ್ಲಿ ಕಂಟಿ ಸತ್ತರೆ ತನಗೂ ಅಷ್ಟೇ ಎಂದು ಬಾಲಮ್ಮನಿಗೆ ಗೊತ್ತಾಯಿತು.

ಮಾವ ಮಾತ್ರ ಸೊಸೆಯ ಕೈಯ ಬಗ್ಗೆ ಏನೂ ಅನ್ನಲಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ ಅಂದಿರಲಿಲ್ಲ. ಒಣಗಿದ ಟೊಂಗೆಯನ್ನು ಸವರಿ, “ಇನ್ನಷ್ಟು ಜ್ವಾಕಿ ಮಾಡೂನು,” ಅಂದನಷ್ಟೆ.

ಆ ಗುರುವಾರಕ್ಕೆ ಹದಿನೈದು ದಿನವಿತ್ತು.

ಮುಟ್ಟಬೇಡ ಎಂದಿದ್ದರು, ನೋಡಬೇಡ ಎಂದಿರಲಿಲ್ಲ. ಜೋಳದ ಸುಗ್ಗಿ ನಡೆದಿತ್ತು. ಶೇಖಮ್ಮ ಹೊಲಕ್ಕೆ ಹೋದ ಮೇಲೆ ಮನೆಯಲ್ಲಿ ಬಾಲಮ್ಮ ಒಬ್ಬಳೇ. ಮಾವ ಮುಂದಿನ ಪಡಸಾಲೆಯ ಮಗ್ಗದ ಕುಣಿಯಲ್ಲಿ ಕೂತಿರುತ್ತಿದ್ದ. ಲಾಳಿ ಓಡುವ ಸದ್ದು ಕೇಳುತ್ತಿದ್ದಷ್ಟು ಹೊತ್ತು ಆತ ಹಿತ್ತಲಿಗೆ ಬರುವುದಿಲ್ಲ ಎಂದು ಅರ್ಥ.

ಮೊದಲು ಆಕೆ ಮಲಕಮ್ಮನ ಮಾತನ್ನು ಹಿಡಿದುಕೊಂಡಳು. ನೀರು ಸವುಳಾದರೆ ಅದೇ ನೀರು ಕುಡಿಯುವ ಕರಿಬೇವಿಗೂ ತಟ್ಟಬೇಕಿತ್ತು. ಕರಿಬೇವು ಗೋಡೆ ಮೀರಿ ಬೆಳೆದಿತ್ತು. ಮೂಲೆಯ ನುಗ್ಗೆ ಈ ವರ್ಷವೂ ಕಾಯಿ ಬಿಟ್ಟಿತ್ತು. ನೀರಲ್ಲ.

ಆಮೇಲೆ ಮಾಸ್ತರನ ಹುಳ. ಸತ್ತ ಟೊಂಗೆಯೊಂದರ ತುದಿ ಮುರಿದು, ಕುಡುಗೋಲಿನಿಂದ ಉದ್ದಕ್ಕೆ ಸೀಳಿದಳು. ಒಳಗಿನ ತಿರುಳು ಒಣಗಿತ್ತು ನಿಜ, ಆದರೆ ಒಂದು ತೂತಿಲ್ಲ, ಹಿಟ್ಟು ಉದುರಿಲ್ಲ. ಹುಳವೂ ಅಲ್ಲ.

ಉಳಿದದ್ದು ಕೈ.

ಕೈ ಹೌದೋ ಅಲ್ಲವೋ ಹೇಗೆ ತಿಳಿಯುವುದು? ಬಾಲಮ್ಮ ಕಂಟಿಯ ಎದುರಿಗೆ ಮೊಣಕಾಲೂರಿ ಕೂತು, ಕಾಯಿಲೆ ಮರಿಯನ್ನು ನೋಡುವಂತೆ ನೋಡಿದಳು. ಹಳದಿಗೆ ತಿರುಗಿದ ಐದನೆಯ ಟೊಂಗೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದಳು. ತುದಿಯಲ್ಲಿ ಕೆರೆದರೆ ಹಸಿರು. ನಡುವೆ ಕೆರೆದರೆ ಹಸಿರು. ಬುಡದ ಹತ್ತಿರ, ನೆಲದಿಂದ ನಾಲ್ಕು ಬೆರಳು ಮೇಲೆ, ಕಂದು. ಇನ್ನೂ ಕೆಳಗೆ ತೊಗಟೆ ತಾನೇ ಜಾರಿ ಬಂತು, ನೆನೆದ ಹುಣಸೆಬೀಜದ ಸಿಪ್ಪೆ ಬಂದ ಹಾಗೆ. ಅಂದರೆ ಸಾವು ಮೇಲಿಂದ ಇಳಿದದ್ದಲ್ಲ, ನೆಲದಿಂದ ಹತ್ತಿದ್ದು. ಬಿಸಿಲಿಗೆ, ದೃಷ್ಟಿಗೆ ಒಣಗುವುದಾದರೆ ತುದಿ ಮೊದಲು ಒಣಗಬೇಕಿತ್ತು.

ಇನ್ನೊಂದು ಸಂಗತಿ. ಸತ್ತ ನಾಲ್ಕೂ, ಸಾಯುತ್ತಿದ್ದ ಐದನೆಯದೂ ಹಿತ್ತಲಂಗಳದ ಕಡೆಗಿದ್ದವು. ಹಸಿರಾಗಿದ್ದ ಎರಡು ಟೊಂಗೆ ಗೋಡೆ ಕಡೆಯವು. ಆಕೆ ಯಾವಾಗಲೂ ನೀರು ಹಾಕುತ್ತಿದ್ದದ್ದು ಸುತ್ತಲೂ, ಕೊಡ ಬಗ್ಗಿಸಿ ಗೋಡೆ ಕಡೆಯಿಂದಲೇ ಶುರು ಮಾಡಿ. ತನ್ನ ಕೈ ಕೆಟ್ಟದ್ದಾದರೆ ಅದು ಗೋಡೆ ಕಡೆಯ ಟೊಂಗೆಗಳನ್ನು ಮೊದಲು ತಿನ್ನಬೇಕಿತ್ತಲ್ಲ?

“ಮುಟ್ಟಬ್ಯಾಡ ಅಂದಿಲ್ಲೇನ?”

ಶೇಖಮ್ಮ ಹೊಲದಿಂದ ಬೇಗ ಬಂದಿದ್ದಳು. ತಲೆಯ ಮೇಲೆ ಜೋಳದ ಕಣಿಕೆಯ ಹೊರೆ ಹಾಗೇ ಇತ್ತು. ಬಾಲಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಅತ್ತೆ ಹೊರೆ ಇಳಿಸಿ, ತಾನೇ ಕೊಡ ತಂದು ಕಂಟಿಗೆ ನೀರು ಸುರಿದಳು, ಅಂಗಳದ ಕಡೆಯಿಂದ. ನೀರು ಇಂಗಲಿಲ್ಲ. ಉದುರಿದ ಎಲೆಗಳನ್ನು ತೇಲಿಸಿಕೊಂಡು, ತೊಗಲು ಹಾಸಿದ ನೆಲದ ಮೇಲೆ ಹರಿದಂತೆ ಪಕ್ಕಕ್ಕೆ ಹರಿದು ಹೋಯಿತು.

“ನೋಡು, ನೀರ ಸೈತ ಒಲ್ಲೆ ಅಂತದ,” ಅಂದಳು ಶೇಖಮ್ಮ. ದನಿಯಲ್ಲಿ ಸಿಟ್ಟಿಗಿಂತ ದುಃಖ ಹೆಚ್ಚಿತ್ತು. “ಹಜರಾಬಿಗಿ ಏನಂತ ಮಾರಿ ತೋರಸೂನು ನಾವು?”

ಬಾಲಮ್ಮ ಹರಿದು ಹೋದ ನೀರನ್ನೇ ನೋಡುತ್ತಿದ್ದಳು.

ಅತ್ತೆಯ ಲೆಕ್ಕ ಆಕೆಯನ್ನು ಬಿಡದೆ ಕಾಡಿತು. ‘ಈಕಿ ಮನಿ ತುಂಬಿದ್ಲು, ಮೂರು ತಿಂಗಳಿಗೆ ಮೊದಲನೇ ಟೊಂಗಿ ಹೋತು.’ ಅತ್ತೆ ಸುಳ್ಳು ಹೇಳುವವಳಲ್ಲ. ಹಾಗಾದರೆ ತಾನು ಬಂದ ವರ್ಷ ಈ ಮನೆಗೆ ಇನ್ನೇನು ಬಂತು? ಅಥವಾ ಏನು ಹೋಯಿತು? ಮರುದಿನ ತನ್ನ ಕೋಣೆಯಲ್ಲಿ ಕಂಬಳಿ ಕೊಡವಿ ತೊಲೆಯ ಮೇಲೆ ಹಾಕುವಾಗ ಕೈ ಅಲ್ಲೇ ನಿಂತಿತು. ಇಡೀ ಮನೆಯ ತೊಲೆಗಳು ಹೊಗೆ ಹಿಡಿದು ಕಪ್ಪಾಗಿದ್ದವು. ಈ ಕೋಣೆಯದೊಂದೇ ಇನ್ನೂ ಕೆಂಪಗಿತ್ತು.

ಸಂಜೆ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದಳು, “ಅತ್ತಿ, ನನ್ನ ಖೋಲಿ ತೊಲಿ ಯಾವ ಗಿಡದ್ದು?”

ಸೊಸೆ ತಾನಾಗಿ ಬಾಯಿ ಬಿಟ್ಟದ್ದಕ್ಕೆ ಶೇಖಮ್ಮನಿಗೆ ಆಶ್ಚರ್ಯವಾಯಿತು. “ಬೇವಿಂದು. ಹಿತ್ತಲ ಮೂಲ್ಯಾಗಿತ್ತು. ನಿಮ್ಮ ಲಗ್ನಕ್ಕ ಖೋಲಿ ಕಟ್ಟಬೇಕಂತ ಕಡಸಿದ್ವಿ. ನಿಮ್ಮ ಮಾವ ಎರಡು ದಿನ ಉಂಡಿಲ್ಲ ಅದಕ್ಕ.”

“ಯಾಕ್ರಿ?”

“ಅದಕ್ಕ ಗಂಜಿ ಹಾಕತಿದ್ರಲ್ಲ, ಅವರಪ್ಪನ ಕಾಲದಿಂದ.”

ಬಾಲಮ್ಮನ ಬೆರಳು ಅತ್ತೆಯ ಕೂದಲಲ್ಲಿ ನಿಂತವು.

ಅದು ಆಕೆಗೆ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಕಂಬಳಿ ನೇಯುವ ಎಲ್ಲ ಮನೆಯಲ್ಲೂ ಅದೇ ನಡೆ: ನೂಲಿಗೆ ಸವರಿ ಉಳಿದ ಗಂಜಿಯನ್ನು ಚೆಲ್ಲಬಾರದು, ಯಾರ ಕಾಲೂ ಅದನ್ನು ತುಳಿಯಬಾರದು. ತುಳಿದರೆ ಮಗ್ಗ ಮುನಿಯುತ್ತದೆ. ಅದನ್ನು ಒಂದು ಗಿಡದ ಬುಡಕ್ಕೆ ಹಾಕಬೇಕು. ತವರಲ್ಲಿ ದೊಡ್ಡದೊಂದು ಜಾಲಿಯಿತ್ತು, ಎಷ್ಟು ಹಾಕಿದರೂ ಕುಡಿಯುತ್ತಿತ್ತು. ಇಲ್ಲಿ ಬೇವಿತ್ತು. ಬೇವು ತನ್ನ ಕೋಣೆಯ ತೊಲೆಯಾಯಿತು. ಹಾಗಾದರೆ ಎರಡು ವರ್ಷದಿಂದ ಗಂಜಿ ಎಲ್ಲಿಗೆ ಹೋಗುತ್ತಿತ್ತು?

ಆಕೆ ನೋಡಿರಲಿಲ್ಲ. ನೋಡುವ ಹಾಗಿರಲಿಲ್ಲ. ಮಾವನ ಎದುರು ಸೊಸೆ ನಿಲ್ಲುವುದಿಲ್ಲ, ಮಾವನೊಂದಿಗೆ ಮಾತಾಡುವುದಿಲ್ಲ. ಎರಡು ವರ್ಷದಲ್ಲಿ ಆಕೆ ಆತನೊಂದಿಗೆ ಒಂದು ಮಾತಾಡಿರಲಿಲ್ಲ. ಊಟಕ್ಕೆ ಕರೆಯುವುದೂ ಅತ್ತೆಯ ಬಾಯಿಂದಲೇ. ಮಾವ ಹಿತ್ತಲಿಗೆ ಬರುವಾಗ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಕೆಮ್ಮು ಕೇಳಿದೊಡನೆ ಆಕೆ ಸೆರಗು ಎಳೆದುಕೊಂಡು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಗಡಿಗೆ ತೊಳೆಯಲು ಬಂದಿರಬೇಕು ಅಂದುಕೊಳ್ಳುತ್ತಿದ್ದಳು.

ಮರುದಿನ ಲಾಳಿಯ ಸದ್ದು ಶುರುವಾದ ಮೇಲೆ ಕಂಟಿಯ ಬುಡದ ತರಗೆಲೆ ಸರಿಸಿದಳು. ಕೆಳಗೆ ಮಣ್ಣಿರಲಿಲ್ಲ. ಬೆಲ್ಲದ ಪಾಕ ಗಟ್ಟಿಯಾದಂಥ ಕಂದು ಹೆಕ್ಕಳೆ, ಒಂದರ ಮೇಲೊಂದು ಪದರ, ಟೊಂಗೆಗಳ ಬುಡವನ್ನು ಅಪ್ಪಿಕೊಂಡಿತ್ತು. ಕಳೆ ಕೀಳುವ ಕುರ್ಚಿಗೆಯಿಂದ ಎಬ್ಬಿಸಿದಾಗ ಹಳಸಿದ ಅಂಬಲಿಯ ಹುಳಿ ವಾಸನೆ ಬಂತು. ಅಡಿಯಲ್ಲಿ ತೊಗಟೆ ಕೊಳೆತು, ಅದರ ಮೇಲೆ ಬಿಳಿಯ ಬೂಷ್ಟು ನೂಲಿನ ಹಾಗೆ ಹಬ್ಬಿತ್ತು. ಹೆಕ್ಕಳೆಯ ಒಂದು ಚೂರನ್ನು ಬೆಳಕಿಗೆ ಹಿಡಿದಳು. ಒಳಗೆ ಸಣ್ಣ ಸಣ್ಣ ಕರಿ ಎಳೆಗಳು ಹುದುಗಿದ್ದವು. ಕುರಿಯ ಕೂದಲು. ಮಾವನ ಗಂಜಿ ಕುಂಚದಿಂದ ಬಿದ್ದವು. ಆ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬಾಲಮ್ಮನಿಗೆ ಅಳು ಬಂತು. ಕೈ ತನ್ನದಲ್ಲ ಎಂಬ ಸಮಾಧಾನಕ್ಕಿಂತ, ಅದು ಯಾರ ಕೈ ಎಂಬುದೇ ದೊಡ್ಡದಾಗಿ ಕಂಡಿತು. ಆ ಗಂಜಿಯ ಬೀಜ ಸುಲಿದವಳೂ ರುಬ್ಬಿದವಳೂ ತಾನೇ. ಆದರೆ ಸುರಿದವನು, ಕೊಟ್ಟ ಮಾತಿಗಾಗಿ, ಬೇವಿನ ಪಾಲನ್ನು ಗುಲಾಬಿಗೆ ಕೊಡುತ್ತಿದ್ದೇನೆಂದು ಸುರಿದವನು, ತನ್ನನ್ನು ಒಂದು ದಿನವೂ ಬೈಯದ ಮನುಷ್ಯ.

ಯಾರಿಗೆ ಹೇಳುವುದು? ಅತ್ತೆಗೆ ಹೇಳಿದರೆ ಆ ಮಾತು ಮಲಕಮ್ಮನ ಮನೆ ದಾಟಿ ಓಣಿಯ ಕೊನೆ ಮುಟ್ಟುತ್ತದೆ; ‘ಹಜರಾಬಿ ಕಂಟಿ ಭಗವಂತರಾಯನೇ ಕೊಂದ’ ಎಂದು ಸಂತೆಯಲ್ಲೂ ನಗುತ್ತಾರೆ. ಬೀರಣ್ಣ ಹೊಳೆದಂಡೆಯಲ್ಲಿ. ಮಾವನಿಗೇ ಹೇಳಲು ಬಾಯಿಲ್ಲ.

ಹಾಗಾಗಿ ಆಕೆ ಹೇಳಲಿಲ್ಲ, ಮಾಡಿದಳು. ಎರಡು ಮಧ್ಯಾಹ್ನ ಕೂತು ಹೆಕ್ಕಳೆಯನ್ನೆಲ್ಲ ಕೆತ್ತಿ ತಿಪ್ಪೆಗೆ ಹಾಕಿ, ಬುಡಕ್ಕೆ ಗಾಳಿಯಾಡುವಂತೆ ಮಣ್ಣು ಬಿಡಿಸಿ, ಒಣ ಬೂದಿ ಉದುರಿಸಿ, ಮೇಲೆ ಮತ್ತೆ ತರಗೆಲೆ ಹರಡಿದಳು. ಗೋಡೆ ಕಡೆಯ ಎರಡು ಟೊಂಗೆಯ ಬುಡ ಗಟ್ಟಿಯಾಗಿತ್ತು. ಎದುರಿಂದ ಎರೆದ ದಪ್ಪ ಗಂಜಿ ಗೋಡೆಯವರೆಗೆ ಹರಿದಿರಲಿಲ್ಲ. ಒಂದರ ತುದಿಯಲ್ಲಿ ಕಡುಗೆಂಪು ಚಿಗುರಿತ್ತು.

ನಾಲ್ಕು ದಿನ ಬಿಟ್ಟು ಮಾವ ಮತ್ತೆ ನೂಲಿಗೆ ಗಂಜಿ ಸವರಿದ. ಹೊತ್ತು ಏರಿದ ಮೇಲೆ ಬಾಗಿಲಲ್ಲಿ ಕೆಮ್ಮು ಕೇಳಿತು. ಬಾಲಮ್ಮ ಅಡುಗೆಮನೆಗೆ ಹೋದಳು. ಈ ಸಲ ಗೋಡೆಗೆ ಮುಖ ಮಾಡಲಿಲ್ಲ, ಬೆಳಕಿಂಡಿಯಿಂದ ನೋಡಿದಳು. ಮಾವ ಕಂಟಿಯ ಮುಂದೆ ಬಗ್ಗಿ, ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಾಲು ಎರೆಯುವವನಂತೆ ನಿಧಾನ ಎರೆದ. ಕೊನೆಯ ಹನಿಯನ್ನು ಬೆರಳಿಂದ ಬಳಿದು ಹಾಕಿದ. ಆಮೇಲೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ.

ಬೂದಿಯೆಲ್ಲ ಗಂಜಿಯಲ್ಲಿ ಮುಳುಗಿತು. ಐದನೆಯ ಟೊಂಗೆ ಆ ವಾರದಲ್ಲೇ ಹೋಯಿತು.

ಗುರುವಾರ ಹಜರಾಬಿ ಬಂದಳು. ಯಾದಗಿರಿಯಲ್ಲಿ ರೈಲಿಳಿದು, ಶಹಾಪುರದವರೆಗೆ ಬಸ್ಸು ಹಿಡಿದು, ಅಲ್ಲಿಂದ ಯಾರದೋ ಗಾಡಿಯಲ್ಲಿ. ಮೊದಲು ಗೋರಿಗೆ ಹೋಗಿ, ಆಮೇಲೆ ಬೀಗ ಹಾಕಿದ ತನ್ನ ಮನೆಯ ಮುಂದೆ ಸ್ವಲ್ಪ ನಿಂತು ಇತ್ತ ಬಂದಳು. ಬುರ್ಖಾದ ಮುಸುಕು ಹಿಂದಕ್ಕೆ ಹಾಕಿದಾಗ ಬೆಳ್ಳಗಾದ ತಲೆ, ನಗುವ ಕಣ್ಣು ಕಂಡವು. ಶೇಖಮ್ಮ ಆಕೆಯ ಕೈ ಹಿಡಿದು ಅತ್ತಳು. ಬಾಲಮ್ಮ ನೀರು ಕೊಟ್ಟು ಕಾಲು ಮುಟ್ಟಿದಳು.

“ಅರೇ, ಇವಳೇನು ಬೀರಣ್ಣನ ದುಲ್ಹನ್? ಎಷ್ಟು ಸಣ್ಣಾಕಿ! ಮಾತಾಡ್ತಾಳೋ ಇಲ್ಲೋ?”

“ಆಡ್ತಾಳ, ವರ್ಷಕ್ಕೊಂದ ಸಲ,” ಅಂದಳು ಶೇಖಮ್ಮ. ಇಬ್ಬರೂ ನಕ್ಕರು. ಆಮೇಲೆ ಹಿತ್ತಲಿಗೆ ಹೋದರು, ನಗು ಅಲ್ಲಿಗೆ ನಿಂತಿತು.

ಹಜರಾಬಿ ಮೊಣಕಾಲು ಹಿಡಿದುಕೊಂಡು ಕಂಟಿಯ ಮುಂದೆ ಮೆಲ್ಲಗೆ ಕೂತಳು. ಒಂದೊಂದೇ ಟೊಂಗೆ ಮುಟ್ಟಿ ಎಣಿಸಿದಳು. “ಏಳು ಇದ್ದವು,” ಅಂದಳು. ಬೈಯಲಿಲ್ಲ. ಅದೇ ಕಷ್ಟವಾಗಿತ್ತು.

“ಏನ್ ಹೇಳಲಿ ಅಕ್ಕಾ,” ಅಂದಳು ಶೇಖಮ್ಮ. “ನಮ್ಮ ಹುಡುಗಿ ಕೈಗುಣ. ಕೆಲಸದಾಗ ಬಂಗಾರ, ಆದ್ರ ಕೈ ಹಂಗ. ಈಗ ಹದಿನೈದು ದಿನ ಆತು ಬಿಡಿಸೀನಿ.”

“ಹಂಗನಬ್ಯಾಡ ಶೇಖಮ್ಮ, ಎಳೀ ಹುಡುಗಿಗಿ,” ಅಂದಳು ಹಜರಾಬಿ. ಆದರೆ ಆಕೆಯ ಕಣ್ಣು ಉಳಿದೆರಡು ಟೊಂಗೆಯ ಮೇಲಿತ್ತು. ಶೇಖಮ್ಮನ ಕಡೆ ತಿರುಗಿ, “ಟೊಂಗಿ ನೀನೇ ಕೊಯ್ದು ಕೊಡು. ಆ ಮಣ್ಣಿನಾಗ ಹತ್ತಬೇಕಲ್ಲ,” ಅಂದಳು.

ಬಾಲಮ್ಮ ಕುಡುಗೋಲನ್ನು ಅತ್ತೆಯ ಕೈಗೆ ಕೊಟ್ಟಳು.

ಆಗ ಬಾಗಿಲಲ್ಲಿ ಕೆಮ್ಮು ಕೇಳಿತು. ಅಂದು ನೂಲಿಗೆ ಗಂಜಿ ಸವರುವ ದಿನ. ಮಾವ ಗಡಿಗೆಯನ್ನು ಎದೆಗೆ ಅವಚಿಕೊಂಡು ಬಂದ. ಹಜರಾಬಿಯನ್ನು ಕಂಡು ಮುಖ ಅರಳಿತು, ಕಂಟಿಯನ್ನು ಕಂಡು ಬಾಡಿತು.

“ಸಲಾಂ ಅಕ್ಕಾ. ನಿನ್ನ ಮಾತು ನಾ ಮರತಿಲ್ಲ,” ಅಂದ. “ಬೇವು ಕಡದ ಮ್ಯಾಲ ಇದಕ್ಕೇ ಹಾಕ್ತೀನಿ ಮಗ್ಗದ ಗಂಜಿ. ಒಂದು ವಾರ ತಪ್ಪಿಸಿಲ್ಲ. ಆದರೂ ಯಾಕೋ…” ಸತ್ತ ಟೊಂಗೆಗಳತ್ತ ಕೈ ಮಾಡಿದ. “ಈ ಕಡಿವು ಹೋದವು. ಗೋಡಿ ಕಡೀ ಎರಡು ಉಳದಾವ. ಅವಕ್ಕ ಇಷ್ಟು ದಿನ ಮುಟ್ಟಿಲ್ಲ ಗಂಜಿ. ಇವತ್ತಿಂದ ಅವಕ್ಕ ಹಾಕ್ತೀನಿ.”

ಆತ ಕಂಟಿಯ ಮಗ್ಗುಲಿಗೆ ಸರಿದು, ಮುಳ್ಳು ತಾಗದಂತೆ ಗೋಡೆಗೆ ಬೆನ್ನು ಕೊಟ್ಟು ಒಳಗೆ ತೂರಿಕೊಂಡ. ಗಡಿಗೆ ಕೆಂಪು ಚಿಗುರಿನ ಟೊಂಗೆಯ ಮೇಲೆ ಬಾಗತೊಡಗಿತು.

ಬಾಲಮ್ಮ ಇಷ್ಟು ಹೊತ್ತಿಗೆ ಒಳಗೆ ಹೋಗಿರಬೇಕಿತ್ತು. ಸೆರಗು ಎಳೆದುಕೊಂಡಳು, ಕಾಲು ಏಳಲಿಲ್ಲ. ಕೆತ್ತಿದ ಹೆಕ್ಕಳೆಯ ಚೂರು, ಕರಿ ಕೂದಲು ಹುದುಗಿದ್ದದ್ದು, ಸೆರಗಿನ ತುದಿಯ ಗಂಟಲ್ಲಿತ್ತು. ಬಿಚ್ಚಿ ತೋರಿಸಿದರೆ ಸಾಕು, ಕೈಯ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಆಕೆ ಗಂಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಮಾವಾ,” ಅಂದಳು.

ಶೇಖಮ್ಮ ತಿರುಗಿದಳು. ಆ ದನಿ ಯಾರದೆಂದು ಹಜರಾಬಿ ಸುತ್ತ ನೋಡಿದಳು. ಭಗವಂತರಾಯನ ಕೈ ವಾಲಿದ ಗಡಿಗೆಯೊಂದಿಗೆ ಹಾಗೇ ನಿಂತಿತು. ಗಡಿಗೆಯ ಕಂಠದಲ್ಲಿ ಗಂಜಿಯ ಒಂದು ಹನಿ ದಪ್ಪಗಾಗುತ್ತ ಬಂತು.

“ಆ ಗಂಜಿ ಇದಕ್ಕ ಹಾಕಬ್ಯಾಡ್ರಿ,” ಅಂದಳು ಬಾಲಮ್ಮ.

ಭಗವಂತರಾಯ ಆ ಹನಿಯನ್ನು ಬೆರಳಿಂದ ಬಳಿದುಕೊಂಡು ಗಡಿಗೆಯನ್ನು ನೆಟ್ಟಗೆ ಹಿಡಿದ.